ಬಯಾಸ್ ಅಪ್‌ಡೇಟ್ ಮಾಡಿದರೆ ಹಳೇ ಕಂಪ್ಯೂಟರ್ ಹೊಸದಾಗುತ್ತದೆಯೇ?

ಬಯಾಸ್ ಮತ್ತು ಡ್ರೈವರ್‌ಗಳನ್ನೆಲ್ಲ (ಬಿಡಿಭಾಗಗಳನ್ನು ವಿಂಡೋಸ್ ಬಳಸುವಂತೆ ಮಾಡುವ ತಂತ್ರಾಂಶಗಳು) ಅಪ್‌ಡೇಟ್ ಮಾಡಿದರೆ ಹತ್ತು ವರ್ಷದ ಡೆಸ್ಕ್‌ಟಾಪ್ ಕೂಡ ಹೊಸದರಂತೆ ಓಡುತ್ತದೆ ಎಂಬ ಸಂದೇಶ ಆಗಾಗ ಬರುತ್ತಿರುತ್ತದೆ. ಜೊತೆಗೊಂದು ಡೌನ್‌ಲೋಡ್ ಲಿಂಕ್. ಕಳಿಸುವವರ ಉದ್ದೇಶ ಒಳ್ಳೆಯದೇ, ಆದರೆ ಮಾತು ಸರಿಯಲ್ಲ.

ಬಯಾಸ್ ಎಂದರೆ ಕಂಪ್ಯೂಟರ್‌ನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡ್‌ನ ಚಿಪ್ಪಿನಲ್ಲಿರುವ ಪುಟ್ಟ ತಂತ್ರಾಂಶ. ಪವರ್ ಒತ್ತಿದಾಗ ಪ್ರೊಸೆಸರ್, ರ‍್ಯಾಮ್, ಡಿಸ್ಕ್‌ಗಳನ್ನು ಎಚ್ಚರಿಸಿ ವಿಂಡೋಸ್‌ಗೆ ಒಪ್ಪಿಸುವುದು ಅದರ ಮುಖ್ಯ ಕೆಲಸ. ಹೊಸ ಆವೃತ್ತಿ ಸಾಮಾನ್ಯವಾಗಿ ತರುವುದು ಭದ್ರತಾ ತಿದ್ದುಪಡಿ, ಹೊಸ ಪ್ರೊಸೆಸರ್‌ಗೆ ಬೆಂಬಲ, ವೇಗವನ್ನಲ್ಲ. 2018ರಲ್ಲಿ ಬೆಳಕಿಗೆ ಬಂದ ಸ್ಪೆಕ್ಟರ್ ಎಂಬ ಪ್ರೊಸೆಸರ್ ಭದ್ರತಾ ದೋಷದ ತಿದ್ದುಪಡಿಯಿಂದ ಕೆಲವು ಹಳೆಯ ಯಂತ್ರಗಳು ತುಸು ನಿಧಾನವೇ ಆದವು. ಆದರೂ ಅಂಥ ತಿದ್ದುಪಡಿ ಬೇಕು.

ನಿಮ್ಮದನ್ನು ನೀವೇ ನೋಡಿಕೊಳ್ಳಬಹುದು. ವಿಂಡೋಸ್‌ನ ಹುಡುಕು ಪೆಟ್ಟಿಗೆಯಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ತೆರೆಯಿರಿ; ಬೋರ್ಡ್‌ನ ಮಾದರಿ, ಬಯಾಸ್ ಆವೃತ್ತಿ, ದಿನಾಂಕ ಸಿಗುತ್ತವೆ. ಅದೇ ಮಾದರಿಯ ಪುಟವನ್ನು ತಯಾರಕರ ತಾಣದಲ್ಲಿ ತೆರೆದು, ಪ್ರತಿ ಆವೃತ್ತಿಯ ಕೆಳಗೆ ಏನು ಬದಲಾಗಿದೆ ಎಂದು ಬರೆದದ್ದನ್ನು ಓದಿ. ಒಂದೇ ಹೆಸರಿನ ಬೋರ್ಡ್‌ಗೂ ರಿವಿಷನ್ (ಬೋರ್ಡ್ ವಿನ್ಯಾಸದ ಆವೃತ್ತಿ ಸಂಖ್ಯೆ) ಬೇರೆಯಾದರೆ ಫೈಲ್ ಬೇರೆಯಾಗಬಹುದು. ಬೋರ್ಡ್ ಮೇಲೆಯೇ ಅಚ್ಚಾಗಿರುವ ಆ ಸಂಖ್ಯೆಯನ್ನು ದಯವಿಟ್ಟು ನೋಡಿ.

ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಇರಬಹುದು. ಯುಪಿಎಸ್ ಇಲ್ಲದೆ ಕೈಹಾಕಬೇಡಿ.

ಡ್ರೈವರ್‌ಗಳನ್ನು ಬಹುಪಾಲು ವಿಂಡೋಸ್ ಅಪ್‌ಡೇಟೇ ತರುತ್ತದೆ. ಉಳಿದವು ತಯಾರಕರ ಪುಟದಲ್ಲಿವೆ. ಲಿಂಕಿನ ಆ್ಯಪ್ ಬೇಕಿಲ್ಲ.

ಆನ್ ಮಾಡಿದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿದ್ದರೆ ಬಯಾಸ್ ಮುಟ್ಟುವ ಮೊದಲು, ಗಡಿಯಾರ ನಡೆಸುವ ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಬದಲಿಸಿ ನೋಡಿ. ನಿಜವಾಗಿ ವೇಗ ಬೇಕಿದ್ದರೆ ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳಲ್ಲೇ ಮಾಹಿತಿ ಇಡುವ ವೇಗದ ಡಿಸ್ಕ್) ಹಾಕಿಸಿ.