ಹದಿನಾಲ್ಕು ಸಾವಿರದ ಉಗುಳು

ಹೋದ ತಿಂಗಳು ಒಂದು ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್‌ನಲ್ಲಿ, ಉಗುಳಲ್ಲಿರೋ ಜೀನ್ ನೋಡಿ ಮೈಯ ಭವಿಷ್ಯ ಹೇಳೋ ಡಿಎನ್‌ಎ ಕ್ಯಾಂಪ್ ಇತ್ತು. ಒಂದು ಪುಟ್ಟ ಟ್ಯೂಬ್ ಕೊಡ್ತಾರೆ, ಗೆರೆಯವರೆಗೆ ಉಗುಳಬೇಕು, 14,000 ರೂಪಾಯಿ ಕಟ್ಟಬೇಕು. ಫ್ಲೈಓವರ್ ಕಂಬಗಳಿಗೆಲ್ಲ ಪುಕ್ಕಟೆ ಉಗುಳುವ ಬೆಂಗಳೂರಿನ ಜನ ಅವತ್ತು ಸಾಲಲ್ಲಿ ನಿಂತು ದುಡ್ಡು ಕೊಟ್ಟು ಉಗುಳಿದರು. ನಾನೂ ಉಗುಳಿದೆ. ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು ಅಂದಿದ್ದರಿಂದ ಬಾಯಿ ಒಣಗಿತ್ತು, ಗೆರೆ ಮುಟ್ಟಲೇ ಇಲ್ಲ. ಪಕ್ಕದಲ್ಲಿ ಯಾರೋ ಮಸಾಲೆ ದೋಸೆ ಪಾರ್ಸಲ್ ಬಿಚ್ಚಿದ ಮೇಲೆ ಸಲೀಸಾಯಿತು.

ಮೂರು ವಾರಕ್ಕೆ 42 ಪುಟದ ಪಿಡಿಎಫ್ ಬಂತು. ತೂಕಕ್ಕೆ ಸಂಬಂಧಪಟ್ಟ ನನ್ನ ಎಫ್‌ಟಿಒ ಜೀನ್ ಸರಿ ಇಲ್ಲವಂತೆ, ಕೆಂಪಕ್ಷರದಲ್ಲಿ. ಖುಷಿಯೋ ಖುಷಿ! ಇಪ್ಪತ್ತು ವರ್ಷದಿಂದ ಬೇಕರಿಯ ದಿಲ್‌ಪಸಂದ್ ಮೇಲಿದ್ದ ಆಪಾದನೆ ಒಂದೇ ಏಟಿಗೆ ತಾತನ ತಲೆಗೆ ಹೋಯಿತು. ಆಮೇಲೆ ಸುಮ್ನೆ ಹುಡುಕಿ ನೋಡಿದೆ. ಈ ಜೀನಿಗೂ ತೂಕಕ್ಕೂ ನಂಟಿದೆ ಅಂತ 2007ರಲ್ಲಿ ಗೊತ್ತಾದದ್ದು ನಿಜ. ಆದರೆ ಅಪ್ಪ ಅಮ್ಮ ಇಬ್ಬರಿಂದಲೂ ಅದೇ ನಮೂನೆ ಬಂದಿದ್ದರೂ ಸರಾಸರಿ ಮೂರು ಕೆಜಿ ಜಾಸ್ತಿ, ಅಷ್ಟೇ. ನಾನು ಇರಬೇಕಾದ್ದಕ್ಕಿಂತ 18 ಕೆಜಿ ಜಾಸ್ತಿ ಇದ್ದೀನಿ. ಉಳಿದ 15 ಯಾವ ಜೀನ್‌ದು ಅಂತ ಕಂಪನಿಯ ಕೌನ್ಸೆಲರ್‌ಗೆ ಫೋನ್ ಮಾಡಿದರೆ, "ಪ್ರೀಮಿಯಂ ಪ್ಯಾಕ್ ತಗೊಳ್ಳಿ ಸರ್, ಇನ್ನೂ ನೂರು ಜೀನ್ ನೋಡ್ತೀವಿ" ಅಂದ.

ಜೀನ್ ನೋಡಿ ಊಟದ ಪ್ಲಾನ್ ಬೇರೆ ಕೊಟ್ಟಿದ್ದಾರೆ. ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ 609 ಜನರನ್ನ ಒಂದು ವರ್ಷ ನೋಡಿ, ಕೊಬ್ಬು ಕಮ್ಮಿ ಮಾಡಿದವರಿಗೂ ಕಾರ್ಬ್ಸ್ ಕಮ್ಮಿ ಮಾಡಿದವರಿಗೂ ತೂಕ ಇಳಿಯೋದರಲ್ಲಿ ಜೀನಿನಿಂದ ಏನೂ ವ್ಯತ್ಯಾಸ ಆಗಲಿಲ್ಲ ಅಂತ 2018ರಲ್ಲೇ ಬರೆದಿದ್ದಾರೆ. ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಮೂರು ಜನ ಕೈಮುಗಿದರು, ಒಬ್ಬರು ಗುಡ್ ಮಾರ್ನಿಂಗ್ ಅಂದರು.

ಮೂರನೇ ಮಹಡಿಯಲ್ಲಿ ಮಾತ್ರ ಯುದ್ಧ. ಅಲ್ಲಿನವರ ಮಗಳಿಗೆ ಪಿಸಿಒಎಸ್, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ಹೆಚ್ಚುಕಮ್ಮಿ ಆಗೋ ತೊಂದರೆ. ರಿಪೋರ್ಟಿನಲ್ಲೂ ಕೆಂಪು. "ನಮ್ಮ ಕಡೆ ಯಾರಿಗೂ ಇಲ್ಲಪ್ಪ, ಇವರ ಮನೆಯಿಂದಲೇ ಬಂದಿರೋದು" ಅಂತ ಅಮ್ಮ. "ನಿಮ್ಮ ದೊಡ್ಡಮ್ಮಂಗೆ ಮಕ್ಕಳಿರಲಿಲ್ಲ, ಮರೆತುಹೋಯ್ತಾ?" ಅಂತ ಅಜ್ಜಿ. ಆ ಹುಡುಗಿ ಅಮೆರಿಕದ ಟೈಮಿಗೆ ಕೆಲಸ ಮಾಡಿ ಬೆಳಗಿನ ಜಾವ ನಾಲ್ಕಕ್ಕೆ ಬಿರಿಯಾನಿ ತರಿಸಿ ತಿಂದು ಮಲಗ್ತಾಳೆ. ಮನೆತನದಲ್ಲಿ ಬರೋದು ಹೌದು, ಆದರೆ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ಎಷ್ಟೋ ಜನಕ್ಕೆ ಮುಟ್ಟು ಸರಿ ಹೋಗುತ್ತೆ ಅಂತ ಡಾಕ್ಟರ್ ಹೇಳಿದ್ದರು. ಅದು ಪಿಡಿಎಫ್‌ನಲ್ಲಿ ಇರಲಿಲ್ಲ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊಸದಾಗಿ ಮದುವೆಯಾದ ಎದುರು ಮನೆಯವಳಿಗೆ ಎಂಟಿಎಚ್‌ಎಫ್‌ಆರ್ ದೋಷ, ಅಂದರೆ ಫೋಲೇಟ್ ಅನ್ನೋ ವಿಟಮಿನ್ ಬಳಸಿಕೊಳ್ಳೋ ಜೀನಲ್ಲಿ ಐಬು. ಕುಜದೋಷ ಅಂದರೆ ನಗ್ತಾಳೆ, ಇದಕ್ಕೆ ಅತ್ತಳು. ಪರಿಹಾರಕ್ಕೆ ಅದೇ ಕಂಪನಿಯ ವಿಶೇಷ ಫೋಲೇಟ್ ಡಬ್ಬಿ. ಆ ಜೀನ್ ದೋಷ ಇದ್ದವರಿಗೂ ಮಾಮೂಲಿ ಫೋಲಿಕ್ ಆಸಿಡ್ ಸಾಕು ಕಣಮ್ಮ, ದಿನಕ್ಕೆ 400 ಮೈಕ್ರೋಗ್ರಾಂ, ಬಸಿರಾಗುವ ಮುಂಚೆಯೇ ಶುರು ಮಾಡಬೇಕು, ಮಗುವಿನ ಬೆನ್ನುಹುರಿ ಕೂಡಿಕೊಳ್ಳೋದು ಮೊದಲ 28 ದಿನದಲ್ಲೇ ಅಂದೆ. "ಅದು ಗವರ್ನಮೆಂಟ್ ಆಸ್ಪತ್ರೇಲಿ ಫ್ರೀ ಕೊಡೋದಲ್ವಾ ಅಂಕಲ್?" ಅಂತ ಮುಖ ಹಿಂಡಿದಳು.

ನಮ್ಮಮ್ಮ ಕನ್ನಡಕ ಹಾಕಿಕೊಂಡು ನನ್ನ ಪಿಡಿಎಫ್ ಪೂರ್ತಿ ನೋಡಿದರು. "ನೀನು ಹುಟ್ಟಿದಾಗ ಜೋಯಿಸರು ಇಷ್ಟನ್ನೂ ಹೇಳಿದ್ದರು. ನೂರಾ ಒಂದು ರೂಪಾಯಿ ತಗೊಂಡರು, ಉಗುಳು ಅನ್ನಲಿಲ್ಲ."