ವೋಟು ಒಬ್ಬರಿಗೆ, ಅಧಿಕಾರ ಇಬ್ಬರಿಗಾ?

ಚುನಾವಣೆ ಬಂದಾಗಲೆಲ್ಲ ಒಂದೇ ಥರದ ಫೋಟೊ ಕಣ್ಣಿಗೆ ಬೀಳುತ್ತದೆ. ಅಭ್ಯರ್ಥಿ ಮೈಕ್ ಮುಂದೆ ಮಾತಾಡುತ್ತಿರುತ್ತಾರೆ. ಒಂದು ಹೆಜ್ಜೆ ಹಿಂದೆ ಹೆಂಡತಿ, ಅಪರೂಪಕ್ಕೆ ಗಂಡ, ನಗುತ್ತಾ ನಿಂತಿರುತ್ತಾರೆ. ನನ್ನ ಕಣ್ಣು ಹೋಗುವುದು ಆ ಹಿಂದೆ ನಿಂತವರ ಕಡೆಗೇ. ಇವರು ಇಷ್ಟಪಟ್ಟು ಬಂದರಾ? ಬರದಿದ್ದರೆ ಜನ ಆಡಿಕೊಳ್ಳುತ್ತಾರೆ ಅಂತ ಬಂದರಾ?

ಬರದೇ ಇರುವುದೂ ಅವರ ಹಕ್ಕು. 2005ರಲ್ಲಿ ಅಂಗೆಲಾ ಮರ್ಕೆಲ್ ಜರ್ಮನಿಯ ಚಾನ್ಸಲರ್ ಆಗಿ ಪ್ರಮಾಣವಚನ ತೆಗೆದುಕೊಂಡಾಗ ಅವರ ಗಂಡ ಅಲ್ಲಿರಲಿಲ್ಲ. ಅವರು ರಸಾಯನಶಾಸ್ತ್ರದ ಪ್ರೊಫೆಸರ್. ಹೆಂಡತಿ 16 ವರ್ಷ ದೇಶ ನಡೆಸಿದರೂ ಆದಷ್ಟು ತೆರೆಮರೆಯಲ್ಲೇ ಉಳಿದರು. ಅದೇ ಒಬ್ಬ ಹೆಂಡತಿ ಹೀಗೆ ಮಾಡಿದ್ದರೆ ಸುಮ್ನೆ ಬಿಡ್ತಿದ್ದರಾ? ಈ ತಾರತಮ್ಯ ನನಗೆ ನಿಜಕ್ಕೂ ನೋವು ಕೊಡುತ್ತದೆ.

ಹಾಗಂತ ಇಷ್ಟಪಟ್ಟು ಪ್ರಚಾರಕ್ಕೆ ಇಳಿದವರನ್ನು ಹಗುರವಾಗಿ ನೋಡುವುದೂ ತಪ್ಪು. 1964ರಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್, ಕಪ್ಪು ಜನರ ವಿರುದ್ಧದ ತಾರತಮ್ಯ ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ದಕ್ಷಿಣದ ಎಷ್ಟೋ ಬಿಳಿಯರು ಸಿಟ್ಟಿನಿಂದ ಕುದಿಯುತ್ತಿದ್ದರು. ಅದೇ ಅಕ್ಟೋಬರ್‌ನಲ್ಲಿ ಜಾನ್ಸನ್ ಹೆಂಡತಿ ಲೇಡಿ ಬರ್ಡ್ ಗಂಡನ ಚುನಾವಣಾ ಪ್ರಚಾರಕ್ಕೆ ರೈಲು ಹತ್ತಿ ಅದೇ ಜನರ ನಡುವೆ ಹೋದರು. 4 ದಿನ, 8 ರಾಜ್ಯ, 47 ಭಾಷಣ. ಅವರೂ ದಕ್ಷಿಣದಲ್ಲೇ ಹುಟ್ಟಿ ಬೆಳೆದವರು. ಎದುರಿಗೆ ನಿಂತು ಕೂಗಾಡಿದವರ ಮುಂದೆಯೂ ಮಾತಾಡಿದರು. ಇದನ್ನು ಗಂಡನ ಹಿಂದೆ ನಿಲ್ಲುವುದು ಅನ್ನಲಾದೀತಾ?

ಪ್ರಚಾರದ ಮಟ್ಟಿಗೆ ನನಗೆ ತಕರಾರಿಲ್ಲ. ಅಲ್ಲಿ ಎಲ್ಲವೂ ಜನರ ಕಣ್ಣೆದುರೇ ನಡೆಯುತ್ತದೆ. ಇಷ್ಟ ಆಗದಿದ್ದರೆ ವೋಟು ಹಾಕದೆ ಇರಬಹುದು. ನನ್ನ ಚಿಂತೆ ಶುರುವಾಗುವುದು ಗೆದ್ದ ಮೇಲೆ.

1919ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್‌ಗೆ ಪಾರ್ಶ್ವವಾಯು ಹೊಡೆಯಿತು. ಯಾವ ಕಾಗದ ಅಧ್ಯಕ್ಷರ ಹಾಸಿಗೆಯವರೆಗೆ ಹೋಗಬೇಕು, ಯಾವುದು ಹೋಗಬಾರದು ಅಂತ ತೀರ್ಮಾನಿಸಿದವರು ಹೆಂಡತಿ ಎಡಿತ್. ಕಾಯಿಲೆ ಎಷ್ಟು ಗಂಭೀರ ಅನ್ನುವುದನ್ನೇ ಜನರಿಂದ ಮುಚ್ಚಿಟ್ಟರು. ಗಂಡನನ್ನು ಉಳಿಸಿಕೊಳ್ಳಬೇಕು ಅನ್ನುವ ಅವರ ತಳಮಳ ನನಗೆ ಅರ್ಥವಾಗುತ್ತದೆ. ಆದರೆ ಬಾಗಿಲು ಕಾಯುವವರಿಗೇ ಆಳುವ ಶಕ್ತಿ ಬರುತ್ತದೆ, ಅಲ್ವಾ? ಅದನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಹಿಲರಿ ಕ್ಲಿಂಟನ್ ವಿಷಯ ಬೇರೆ. 1993ರಲ್ಲಿ ಗಂಡ, ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರೇ ಎಲ್ಲರೆದುರು ಅವರಿಗೆ ಆರೋಗ್ಯ ಸುಧಾರಣೆಯ ಕಾರ್ಯಪಡೆಯ ಹೊಣೆ ಕೊಟ್ಟರು. ಅವರು ಬುದ್ಧಿವಂತ ವಕೀಲೆ, ಆ ಕೆಲಸಕ್ಕೆ ಯೋಗ್ಯರು. ಆದರೆ ಸರ್ಕಾರದ ಹೊರಗಿನವರು ಇರುವ ಸಲಹಾ ಸಮಿತಿಯ ಸಭೆ ಜನರಿಗೆ ತೆರೆದಿರಬೇಕು ಅನ್ನುವ ಕಾನೂನು ಹಿಡಿದು, ಅದರ ಸಭೆಗಳನ್ನೂ ತೆರೆದಿಡಬೇಕು ಅಂತ ಕೆಲವರು ಕೋರ್ಟಿಗೆ ಹೋದರು. ಮೇಲಿನ ಕೋರ್ಟು, ಆ ಕಾನೂನಿನ ಮಟ್ಟಿಗೆ ಅವರನ್ನು ಸರ್ಕಾರಿ ಅಧಿಕಾರಿ ಅಂತಲೇ ಎಣಿಸಬಹುದು, ಹಾಗಾಗಿ ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆದರೂ ಸರಿ ಅಂದಿತು. ನನಗೆ ಇಲ್ಲೇ ಕಸಿವಿಸಿ. ಬಾಗಿಲು ಮುಚ್ಚುವಾಗ ಅಧಿಕಾರಿ. ಕೆಲಸ ಕೆಟ್ಟರೆ? ಮಂತ್ರಿಯನ್ನು ಕಿತ್ತುಹಾಕಬಹುದು. ಹೆಂಡತಿಯನ್ನು ಕಿತ್ತುಹಾಕುವುದು ಹೇಗೆ? ಆ ಕೆಲಸದಲ್ಲಿ ಇದ್ದವರು ಅವಳಿಗೆ ನೇರವಾಗಿ 'ಇದು ತಪ್ಪು' ಅಂತ ಹೇಳುವುದಾದರೂ ಹೇಗೆ?

ರಾತ್ರಿ ಊಟದ ಹೊತ್ತಿನಲ್ಲಿ ಗಂಡ ಹೆಂಡತಿ ದೇಶದ ಮಾತು ಆಡಬಾರದು ಅಂತ ನಾನು ಹೇಳುತ್ತಿಲ್ಲ. ಅದನ್ನು ಯಾವ ಕಾನೂನೂ ತಡೆಯಲಾರದು, ತಡೆಯಲೂಬಾರದು. ಸರ್ಕಾರದ ಸಿಬ್ಬಂದಿ, ಸರ್ಕಾರದ ಕೋಣೆ, ಸರ್ಕಾರದ ಕಡತ ಕೈಗೆ ಬಂದಾಗ ಮಾತ್ರ ಲೆಕ್ಕ ಬೇರೆ.

ಫ್ರಾನ್ಸ್‌ನಲ್ಲಿ 2017ರಲ್ಲಿ ಇದೇ ಜಗಳ ಎದ್ದಿತು. ಅಧ್ಯಕ್ಷ ಮ್ಯಾಕ್ರೋನ್ ಹೆಂಡತಿಗೆ ಅಧಿಕೃತ ಸ್ಥಾನ ಕೊಡಲು ಹೊರಟಾಗ ಅದರ ವಿರುದ್ಧ 2 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕೊನೆಗೆ ಆಗಸ್ಟ್‌ನಲ್ಲಿ ಅಧ್ಯಕ್ಷರ ಕಚೇರಿ ಒಂದು ಪತ್ರ ಪ್ರಕಟಿಸಿತು. ಅಧ್ಯಕ್ಷರ ಹೆಂಡತಿ ಏನು ಮಾಡುತ್ತಾರೆ, ನೆರವಿಗೆ ಯಾರಿರುತ್ತಾರೆ, ಸಂಬಳ ಇಲ್ಲ, ಎಲ್ಲವೂ ಅದರಲ್ಲಿದೆ. ಅದು ಕಾನೂನಲ್ಲ. ಆದರೂ ಜನ ಎದುರಿಗೆ ಹಿಡಿದು ಕೇಳಬಹುದಾದ ಒಂದು ಕಾಗದ.

ಮ್ಯಾಕ್ರೋನ್ ಅದನ್ನು ಕೊಟ್ಟಿದ್ದು ಗೆದ್ದ ಮೇಲೆ. ನಾನು ಅಂಥ ಕಾಗದವನ್ನು ವೋಟು ಹಾಕುವ ಮೊದಲೇ ಕೇಳುತ್ತೇನೆ. ಹೆಂಡತಿಯೋ ಗಂಡನೋ ತಮ್ಮ ಪಾಡಿಗೆ ತಮ್ಮ ಕೆಲಸದಲ್ಲಿ ಇರುತ್ತಾರೆ ಅಂತ ಅದರಲ್ಲಿ ಬರೆದಿದ್ದರೆ, ಆ ಫೋಟೊದಲ್ಲಿ ಅವರು ಯಾಕಿಲ್ಲ ಅಂತ ಯಾರೂ ಕೇಳಕೂಡದು.