ಒಂಬತ್ತನೇ ಹಾಡಿಗೆ ಸ್ಪೀಕರ್ ಆಫ್ ಮಾಡಿದ ಭಾವನಿಗೆ

ನಿನ್ನೆ ಮಧ್ಯಾಹ್ನದಿಂದ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೀನಿ. ರಾತ್ರಿ ನಿದ್ದೆ ಕೂಡ ಸರಿ ಬರಲಿಲ್ಲ. ಬರೆದುಬಿಡ್ತೀನಿ. ಉದ್ದ ಆಗುತ್ತೆ, ಪುರುಸೊತ್ತು ಇದ್ದವರು ಓದಿ.

ಭಾನುವಾರ ಅಂತ ಅಕ್ಕ, ಭಾವ ಊಟಕ್ಕೆ ಬಂದಿದ್ದರು. ಊಟ ಮುಗಿಸಿ ಎಲ್ಲರೂ ನಡುಮನೆಯಲ್ಲಿ ಕೂತಿದ್ದೆವು. ಹೊರಗೆ ಮಿರುಗದ ಮಳೆ ಜಿಟಿಜಿಟಿ ಅಂತಿತ್ತು. ಅಕ್ಕ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಅಪ್ಪ ಅವರ ಕುರ್ಚಿಯಲ್ಲಿ. ನಾನು ಶೆಲ್ಫಿನ ಮೇಲೆ ಸ್ಪೀಕರ್ ಇಟ್ಟು, ಸೌಂಡ್ ಕಮ್ಮಿ ಮಾಡಿ, ಇಂಗ್ಲೆಂಡಿನ ಪಾಪ್ ಗಾಯಕಿ ಚಾರ್ಲಿ ಎಕ್ಸ್‌ಸಿಎಕ್ಸ್‌ಳ ಹೊಸ ಆಲ್ಬಮ್ ಹಾಕಿದ್ದೆ. 2024ರ ಜೂನ್ 7ಕ್ಕೆ ಬಂದಿದ್ದು, ಹೆಸರು 'ಬ್ರ್ಯಾಟ್'. ಹೇಳಿದ ಮಾತು ಕೇಳದ ಮೊಂಡು ಮಗು ಅಂತಾರಲ್ಲ, ಅದು. ಕವರ್ ಮೇಲೆ ಫೋಟೋ ಇಲ್ಲ, ಏನಿಲ್ಲ. ಕಣ್ಣಿಗೆ ಹೊಡೆಯುವ ಹಸಿರು, ನಡುವೆ ಮಸುಕು ಮಸುಕಾಗಿ ಆ ಒಂದು ಪದ. ಬಂದ ದಿನದಿಂದ ದಿನಕ್ಕೊಮ್ಮೆಯಾದರೂ ಕೇಳ್ತಾ ಇದ್ದೀನಿ. 15 ಹಾಡು, 41 ನಿಮಿಷ. ಎಪಿಎಂಸಿಯಲ್ಲಿ ಬೆಳಗಿನಿಂದ ಮೆಕ್ಕೆಜೋಳದ ಲೆಕ್ಕ ಬರೆದು ತಲೆ ಕಾದಿರುತ್ತೆ. ಗಾಡಿ ಸ್ಟ್ಯಾಂಡ್ ಹಾಕಿ ಮನೆ ಒಳಗೆ ಬಂದವಳೇ ಇದನ್ನೇ ಹಾಕೋದು.

ಎಂಟು ಹಾಡು ಆಗೋವರೆಗೂ ಭಾವ ಸುಮ್ಮನಿದ್ದರು. ಎಂಟನೆಯದು ಮುಗಿಯೋ ಹೊತ್ತಿಗೆ ಎದ್ದರು. "ಏನವ್ವಾ ಇದು, ಮಿಕ್ಸಿ ಕೆಟ್ಟಂಗೆ ಕೇಳ್ತತಿ. ಎಲ್ಲಾ ಕಂಪ್ಯೂಟರ್ ಮಾಡಿದ್ದು, ಇದರಾಗ ಮನುಷ್ಯರು ಎಲ್ಲಿ ಅದಾರ?" ಅಂದರು. ಅಂದು ಸುಮ್ನೆ ಕೂರಲಿಲ್ಲ. ತಾವೇ ಹೋಗಿ ಸ್ಪೀಕರ್ ಬಟನ್ ಒತ್ತಿದರು. ಒಂಬತ್ತನೇ ಹಾಡು ಆಗಷ್ಟೇ ಶುರುವಾಗಿತ್ತು.

ಒಂಬತ್ತನೇ ಹಾಡು! ಬೇರೆ ಯಾವುದನ್ನು ನಿಲ್ಲಿಸಿದ್ದರೂ ನಾನು ಇಷ್ಟು ಬರೆಯುತ್ತಿರಲಿಲ್ಲ.

ಆ ಹಾಡಿನ ಹಿಂದೆ ಇರೋದನ್ನು ಹೇಳ್ತೀನಿ. ಸೋಫಿ ಅಂತ ಒಬ್ಬಳಿದ್ದಳು, ಬ್ರಿಟನ್ನಿನವಳು. ಹಾಡುಗಳಿಗೆ ಸದ್ದು ಕಟ್ಟುವವಳು. ಬೇರೆಯವರು ಎಲ್ಲೋ ರೆಕಾರ್ಡ್ ಆದ ಡ್ರಮ್ಮಿನ ತುಣುಕು ತಂದು ಜೋಡಿಸಿದರೆ, ಇವಳು ಸಿಂಥಸೈಜರ್ ಅನ್ನೋ ವಿದ್ಯುತ್ ವಾದ್ಯದಲ್ಲಿ ಒಂದೊಂದು ಸದ್ದನ್ನೂ ಬುಡದಿಂದ ಮಾಡುತ್ತಿದ್ದಳು. ರಬ್ಬರ್ ಜಗ್ಗಿದ ಹಾಗೆ, ತಗಡು ಬಗ್ಗಿಸಿದ ಹಾಗೆ, ಗುಳ್ಳೆ ಒಡೆದ ಹಾಗೆ. 2016ರಲ್ಲಿ ಚಾರ್ಲಿಯ ಜೊತೆ ಒಂದು ಚಿಕ್ಕ ರೆಕಾರ್ಡ್ ಮಾಡಿದಳು. ಚಾರ್ಲಿಯ ಸಂಗೀತ ತಿರುವು ಪಡೆದದ್ದೇ ಅಲ್ಲಿಂದ. 2021ರ ಜನವರಿ 30ರಂದು ಅಥೆನ್ಸ್‌ನಲ್ಲಿ ಹುಣ್ಣಿಮೆ ಚಂದ್ರನನ್ನು ನೋಡೋಕೆ ಅಂತ ಎತ್ತರಕ್ಕೆ ಹತ್ತಿ, ಕಾಲು ಜಾರಿ ಬಿದ್ದು ತೀರಿಕೊಂಡಳು. 34 ವರ್ಷ ಅಷ್ಟೇ. ಆ ಒಂಬತ್ತನೇ ಹಾಡು ಚಾರ್ಲಿ ಅವಳಿಗೆ ಬರೆದಿದ್ದು. ಅವಳು ಇದ್ದಾಗ ಅವಳ ಪ್ರತಿಭೆಗೆ ಹೆದರಿ ಹಿಂದೆ ಸರಿದೆ, ಕರೆದಾಗ ನೆಪ ಹೇಳಿ ಎದ್ದು ಹೋದೆ, ಇನ್ನೂ ಸ್ವಲ್ಪ ಹೊತ್ತು ಜೊತೆಗೆ ಇರಬಹುದಿತ್ತು ಅನ್ನೋ ಸಂಕಟ ಅದರಲ್ಲಿದೆ. ಕುಣಿಯೋ ಆಲ್ಬಮ್ಮಿನ ನಟ್ಟನಡುವೆ ತಾಳ ಎಲ್ಲ ಹಿಂದೆ ಸರಿದು, ಒಂದು ದನಿ ಬಂದು ನಿಲ್ಲುತ್ತೆ.

ಭಾವ, "ಮನುಷ್ಯರು ಎಲ್ಲಿ ಅದಾರ" ಅಂದಿರಲ್ಲ, ಅಲ್ಲೇ ಇದ್ದರು. ನೀವು ಬಟನ್ ಒತ್ತಿದ ಜಾಗದಲ್ಲಿ.

ಈ ಮಾತು ಭಾವ ಒಬ್ಬರದೇ ಅಲ್ಲ. ಆಫೀಸಿನಲ್ಲೂ ಕೇಳಿದ್ದೀನಿ, ಮದುವೆ ಮನೆಗಳಲ್ಲೂ ಕೇಳಿದ್ದೀನಿ. ಯಂತ್ರದ ಸದ್ದು ಅಂದ ಕೂಡಲೇ ಅದರಲ್ಲಿ ಮನಸ್ಸಿಲ್ಲ ಅಂತ ತೀರ್ಮಾನ ಆಗಿಬಿಡುತ್ತೆ. ಪೂರ್ತಿ ಕೇಳೋದಿಲ್ಲ. ಬೇರೆ ಊರಿನವರು ಅಂದರೆ ಹೋಗಲಿ ಅನ್ನಬಹುದು. ದಾವಣಗೆರೆಯವರು ಅಂದರೆ ನನಗೆ ತಡೆಯೋಕೆ ಆಗಲ್ಲ. ನಮ್ಮ ಊರನ್ನು ಏನಂತ ಕರೀತಿದ್ದರು? ಕರ್ನಾಟಕದ ಮ್ಯಾಂಚೆಸ್ಟರ್. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀವಲ್ಲ. ಹತ್ತಿ ಮಿಲ್ಲುಗಳ ಊರು. ಮಿಲ್ಲಿನ ಕೂಗು ಕೇಳಿ ಗಡಿಯಾರ ಸರಿ ಮಾಡ್ತಿದ್ದ ಊರು. ಆ ಕೂಗಿಗೆ ಎದ್ದು, ಆ ಕೂಗಿಗೆ ಬುತ್ತಿ ಕಟ್ಟಿ, ಆ ಕೂಗಿಗೆ ಬಾಗಿಲಲ್ಲಿ ನಿಂತು ಕಾದ ಮನೆಗಳು ಇಲ್ಲಿ ಎಷ್ಟಿದ್ದವು! ನಮ್ಮ ಮನೆಯೂ ಅದರಲ್ಲಿ ಒಂದು.

ಅಪ್ಪ 22 ವರ್ಷ ಲೂಮ್ ಶೆಡ್ಡಿನಲ್ಲಿ ಇದ್ದವರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಮಿಲ್ ಮುಚ್ಚಿತು. ಆಮೇಲಿನ ಕಥೆ ನಿಮಗೆಲ್ಲ ಗೊತ್ತಿದೆ, ಅದನ್ನು ಮತ್ತೆ ಬರೆಯಲ್ಲ. ಸಾಲುಸಾಲು ಮಗ್ಗಗಳ ನಡುವೆ ನಿಂತು ನಿಂತು ಅಪ್ಪನಿಗೆ ಈಗ ಸಣ್ಣ ದನಿ ಸರಿಯಾಗಿ ಕೇಳಿಸಲ್ಲ. ಹಕ್ಕಿ ಕೂಗಿದ್ದು ಕೇಳಿಸಲ್ಲ, ಮೊಬೈಲ್ ರಿಂಗ್ ಕೇಳಿಸಲ್ಲ. ದಪ್ಪ ಸದ್ದು ಮಾತ್ರ ಚೆನ್ನಾಗಿ ಗೊತ್ತಾಗುತ್ತೆ.

ನಿಜವಾದ ಮ್ಯಾಂಚೆಸ್ಟರ್ ಕಥೆಯನ್ನೂ ಹೇಳ್ತೀನಿ. ಅಲ್ಲೂ ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಕೆಲಸ ಹೋಯಿತು, ಕಟ್ಟಡಗಳು ಖಾಲಿ ಬಿದ್ದವು. 1982ರಲ್ಲಿ ಅದೇ ಊರಿನಲ್ಲಿ ಹಾಸಿಯೆಂಡಾ ಅಂತ ಒಂದು ಕುಣಿತದ ಕ್ಲಬ್ ತೆರೆಯಿತು. 1997ರವರೆಗೆ ನಡೆಯಿತು. ಅಮೆರಿಕದ ಶಿಕಾಗೊದಲ್ಲಿ ಹುಟ್ಟಿದ ಯಂತ್ರದ ತಾಳದ ಹಾಡುಗಳಿಗೆ ಇಡೀ ಇಂಗ್ಲೆಂಡ್ ಕುಣಿಯೋಕೆ ಶುರು ಮಾಡಿದ್ದರಲ್ಲಿ ಆ ಕ್ಲಬ್ಬಿನ ಪಾಲು ದೊಡ್ಡದು. ಮಿಲ್ ಯಂತ್ರ ನಿಂತ ಊರಿನಲ್ಲಿ ಹುಡುಗರು ಹುಡುಗಿಯರು ಬೇರೆ ಯಂತ್ರ ಹಿಡಿದು ರಾತ್ರಿಯಿಡೀ ಕುಣಿದರು. ಚಾರ್ಲಿ ಕುಣಿಯೋದೂ ಆ ದಾರಿಯಲ್ಲೇ. ಹದಿನೈದು ವರ್ಷದ ಹುಡುಗಿ ಇದ್ದಾಗಲೇ ಲಂಡನ್ನಿನ ಹಳೇ ಗೋದಾಮುಗಳ ಪಾರ್ಟಿಗಳಲ್ಲಿ ಹಾಡೋಕೆ ಹೋಗ್ತಿದ್ದವಳು ಅವಳು, ಅಪ್ಪ ಅಮ್ಮನೇ ಜೊತೆಗೆ ಹೋಗಿ ಕರೆದುಕೊಂಡು ಬರ್ತಿದ್ದರಂತೆ. ಅವಳ ತಾಯಿ ಉಗಾಂಡದಲ್ಲಿ ಹುಟ್ಟಿ ಬೆಳೆದ ಗುಜರಾತಿ ಮೂಲದವರು. ಇದು ಗೊತ್ತಾದ ದಿನ ನನಗೆ ಯಾಕೋ ತುಂಬಾ ಖುಷಿ ಆಯಿತು.

"ಅದೆಲ್ಲ ಅವರದು, ನಮಗೆ ಯಾಕೆ" ಅನ್ನೋರಿಗೆ ಇನ್ನೊಂದು. ಜಪಾನಿನ ರೋಲಂಡ್ ಕಂಪನಿಯದು ಟಿಬಿ-303 ಅಂತ ಒಂದು ಪುಟ್ಟ ಪೆಟ್ಟಿಗೆ. ಬಾಸ್ ಗಿಟಾರಿನ ಬದಲಿಗೆ ಅಂತ ಮಾಡಿದ್ದು. ಮಾರಾಟ ಆಗದೆ 1984ರಲ್ಲಿ ನಿಲ್ಲಿಸಿಬಿಟ್ಟರು. ಅದು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಾಗ ಶಿಕಾಗೊದ ಹುಡುಗರು ಕೊಂಡು, ಅದರ ಗುಂಡಿ ತಿರುಗಿಸಿ, ಹೊಸ ಸಂಗೀತವನ್ನೇ ಹುಟ್ಟಿಸಿದರು. ಅವರಿಗಿಂತ ಮುಂಚೆ, 1982ರಲ್ಲೇ, ಮುಂಬೈಯಲ್ಲಿ ಚರಣಜಿತ್ ಸಿಂಗ್ ಅನ್ನೋ ವಾದಕರು ಅದೇ ಪೆಟ್ಟಿಗೆ ಇಟ್ಟುಕೊಂಡು ಲಲಿತ್, ಭೂಪಾಲಿ, ಮಾಲಕಂಸ ಹೀಗೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ರೆಕಾರ್ಡ್ ತಂದಿದ್ದರು. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಹೊರದೇಶದವರು ಅದನ್ನು ಮತ್ತೆ ಹೊರತಂದ ಮೇಲೆ ಎಲ್ಲರೂ ಬೆರಗಾದರು. ನಮ್ಮವರ ಕೆಲಸ ನಮಗೆ ಗೊತ್ತಾಗೋಕೆ ಸುಮಾರು ಮೂವತ್ತು ವರ್ಷ ಬೇಕಾಯಿತು. ಯಾಕೆ? ಪೂರ್ತಿ ಕೇಳೋ ಮುಂಚೆ ಆಫ್ ಮಾಡ್ತೀವಲ್ಲ, ಅದಕ್ಕೇ.

ಭಾವನ ಮಾತಿನಲ್ಲಿ ನಿಜ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಮೆರವಣಿಗೆಯಲ್ಲಿ ಡಿಜೆ ಹಾಕ್ತಾರಲ್ಲ, ಕಿಟಕಿ ಗಾಜು ಅದುರುತ್ತೆ, ತೊಟ್ಟಿಲಲ್ಲಿ ಮಲಗಿದ ಕೂಸು ಬೆಚ್ಚಿ ಬೀಳುತ್ತೆ, ವಯಸ್ಸಾದವರು ಎದೆ ಹಿಡಿದುಕೊಂಡು ಕೂರ್ತಾರೆ. ಅದನ್ನು ಕಂಡು ಬೇಸರ ಆದವರಿಗೆ ಡಬ್ ಡಬ್ ಅಂದರೆ ಸಿಟ್ಟು ಬರೋದು ಸಹಜ. ಆದರೆ ಅದು ಸೌಂಡು ಜಾಸ್ತಿ ಇಟ್ಟವರ ತಪ್ಪು, ಹಾಡಿನದ್ದಲ್ಲ. ತೇರಿನ ಮುಂದೆ ಡೊಳ್ಳು ಹೊಡೆದರೂ ಎದೆ ನಡುಗುತ್ತೆ. ಅದನ್ನು ಯಂತ್ರ ಅಂತೀವಾ?

ಮತ್ತೆ ಭಾವನಿಗೆ ಕಂಪನಿ ನಾಟಕದ ಹಾಡು ಅಂದರೆ ಪ್ರಾಣ. ಅದರಲ್ಲಿ ನನಗೂ ಹೆಮ್ಮೆ ಇದೆ, ಇದು ಚಿಂದೋಡಿ ಲೀಲಾ ಅವರ ಊರು. ಆ ಹಾಡುಗಳಿಗೆ ಜೀವ ಯಾವುದು? ಹಾರ್ಮೋನಿಯಂ. ಅದೂ ಯುರೋಪಿನಿಂದ ಬಂದ ಪೆಟ್ಟಿಗೆಯೇ. ಅದರಿಂದ ಗಮಕ ಬರಲ್ಲ, ಶ್ರುತಿ ಬರಲ್ಲ, ಅದು ನಮ್ಮ ಸಂಗೀತಕ್ಕೆ ಆಗಿ ಬರಲ್ಲ ಅಂತ 1940ರಲ್ಲಿ ಆಕಾಶವಾಣಿಯಲ್ಲಿ ಅದನ್ನು ನಿಷೇಧ ಮಾಡಿದ್ದರು. ಮೂವತ್ತು ವರ್ಷ ರೇಡಿಯೋದಲ್ಲಿ ಅದಕ್ಕೆ ಜಾಗ ಇರಲಿಲ್ಲ. ಇವತ್ತು ಹಾರ್ಮೋನಿಯಂ ಬಿಟ್ಟು ಒಂದು ರಂಗಗೀತೆ ಹಾಡಿ ನೋಡೋಣ. ಅವತ್ತು ಅದನ್ನು ಪೆಟ್ಟಿಗೆ ಅಂತ ತಳ್ಳಿದವರು ಆಡಿದ ಮಾತನ್ನೇ ಇವತ್ತು ಭಾವ ಆಡಿದರು. ಇಷ್ಟೇ ನನ್ನ ಜಗಳ.

ಈಗ ಹೇಳಬಾರದು ಅಂತ ಇದ್ದದ್ದನ್ನೂ ಹೇಳಿಬಿಡ್ತೀನಿ.

ನನ್ನ ಗೆಳತಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಹೆಸರು ಬರೆಯಲ್ಲ. ಕಾಲೇಜಿನಲ್ಲಿ ನಾವಿಬ್ಬರು ಒಂದೇ ಬೆಂಚು, ಒಂದೇ ಬುತ್ತಿ. ಅವಳು ಓದಿನಲ್ಲಿ ಮುಂದೆ, ಮಾತಿನಲ್ಲಿ ಮುಂದೆ, ಗ್ಯಾದರಿಂಗ್‌ನಲ್ಲಿ ಸ್ಟೇಜ್ ಹತ್ತಿದರೆ ಹಾಲ್ ಪೂರ್ತಿ ಎದ್ದು ನಿಲ್ಲೋದು. ಬೆಂಗಳೂರಿಗೆ ಹೋದಳು, ದೊಡ್ಡ ಕೆಲಸ ಸಿಕ್ಕಿತು. ನಾನು ಇಲ್ಲೇ ಉಳಿದೆ. ಅವಳು ಎಂದೂ ಜಂಬ ತೋರಿಸಿದವಳಲ್ಲ. ಅವಳ ಮುಂದೆ ನಾನು ಚಿಕ್ಕವಳು ಅಂತ ನನಗೇ ಅನಿಸೋಕೆ ಶುರುವಾಯಿತು. 2020ರ ದೀಪಾವಳಿಗೆ ಊರಿಗೆ ಬಂದವಳು ಫೋನ್ ಮಾಡಿ, "ಕುಂದವಾಡ ಕೆರೆ ಹತ್ರ ಬಾರೇ, ಒಂದು ರೌಂಡ್ ವಾಕ್ ಹೋಗೋಣ" ಅಂದಳು. ಮನೆಗೆ ನೆಂಟರು ಬಂದಿದ್ದಾರೆ ಅಂತ ಸುಳ್ಳು ಹೇಳಿದೆ. ಯಾರೂ ಬಂದಿರಲಿಲ್ಲ. ನಾನು ನೈಟಿಯಲ್ಲೇ ಟಿವಿ ಮುಂದೆ ಕೂತಿದ್ದೆ. ಆರು ತಿಂಗಳಿಗೆ, 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ ಹೋಗಿಬಿಟ್ಟಳು. ಅವಳಿಗೂ 34.

ಮೂರು ವರ್ಷದಿಂದ ಇದನ್ನು ಯಾರ ಹತ್ತಿರವೂ ಹೇಳಿಲ್ಲ. ನಮ್ಮ ಎಷ್ಟೋ ಶೋಕದ ಹಾಡು ಕೇಳಿದ್ದೀನಿ, ಅತ್ತಿದ್ದೀನಿ. ಸತ್ತವರನ್ನು ಕಳೆದುಕೊಂಡ ದುಃಖ ಅದರಲ್ಲಿ ಇರುತ್ತೆ. ಬದುಕಿದ್ದಾಗ ಅವರಿಂದ ನಾನೇ ತಪ್ಪಿಸಿಕೊಂಡೆ ಅನ್ನೋ ನಾಚಿಕೆ ಇರಲ್ಲ. ಅದನ್ನು ಹೇಳಿದ ಹಾಡು ನನಗೆ ಸಿಕ್ಕಿದ್ದು ಈ ಕಂಪ್ಯೂಟರ್ ಸಂಗೀತದಲ್ಲೇ. ಮೊದಲ ಸಲ ಕೇಳಿದಾಗ ಅಡುಗೆ ಮನೆಯಲ್ಲಿದ್ದೆ. ಒಗ್ಗರಣೆ ಸೀದು ಹೋಯಿತು.

ಆಲ್ಬಮ್ ಅಲ್ಲಿಗೆ ನಿಲ್ಲಲ್ಲ. ಹದಿನಾಲ್ಕನೆಯದರಲ್ಲಿ ಮಗು ಬೇಕಾ, ಈಗಾಗಲೇ ತಡ ಆಯಿತಾ ಅಂತ ಮೆಲ್ಲಗೆ ತನಗೆ ತಾನೇ ಮಾತಾಡಿಕೊಳ್ಳುತ್ತಾಳೆ. ಅದು ಮುಗಿದ ಕೂಡಲೇ ಹದಿನೈದನೆಯದು ಶುರು, ಮೊದಲನೇ ಹಾಡಿನ ಧಾಟಿಯೇ ಇನ್ನೂ ಜೋರಾಗಿ, ಹುಚ್ಚು ಹಿಡಿದ ಹಾಗೆ ವಾಪಸ್ ಬರುತ್ತೆ. ಮನೆಯಲ್ಲಿ ಕೂತು ಯೋಚನೆ ಮಾಡೋಕೆ ಆಗದೆ ಮತ್ತೆ ಕುಣಿಯೋಕೆ ಓಡಿದ ಹಾಗೆ. ಹಾಡುಗಳನ್ನು ಆ ಸಾಲಿನಲ್ಲಿ ಇಟ್ಟಿದ್ದು ಕಂಪ್ಯೂಟರ್ ಅಲ್ಲ.

ಇನ್ನು ಅಪ್ಪನ ವಿಷಯ. ಇದನ್ನು ಹೇಳೋಕೇ ಇಷ್ಟೆಲ್ಲ ಬರೆದೆ ಅನ್ನಿಸುತ್ತೆ.

ಅಕ್ಕ, ಭಾವ ಹೊರಟ ಮೇಲೆ ನಾನು ಮುಖ ಊದಿಸಿಕೊಂಡು ಪಾತ್ರೆ ತೊಳೆಯುತ್ತಿದ್ದೆ. ಅಪ್ಪ ಕರೆದರು. "ಯವ್ವಾ, ಅದನ್ನ ಮತ್ತೊಮ್ಮೆ ಹಚ್ಚು" ಅಂದರು. ಮೊದಲಿನಿಂದ ಹಾಕಿದೆ. ಅಪ್ಪ ಕುರ್ಚಿ ಜರುಗಿಸಿಕೊಂಡು ಶೆಲ್ಫಿನ ಹತ್ತಿರ ಬಂದರು, ಅಂಗೈಯನ್ನು ಹಲಗೆಯ ಮೇಲೆ ಊರಿದರು. ಕಣ್ಣು ಮುಚ್ಚಿದರು. ಎಡಗೈಯ ನಡುಬೆರಳಿನ ತುದಿ ಅವರಿಗೆ ಇಲ್ಲ, ಮಿಲ್ಲಿನಲ್ಲೇ ಹೋಗಿದ್ದು. ಮಿಕ್ಕ ಬೆರಳುಗಳು ತಾಳಕ್ಕೆ ಸರಿಯಾಗಿ ಏಳುತ್ತಿದ್ದವು, ಬೀಳುತ್ತಿದ್ದವು. ಎರಡನೇ ಹಾಡಿನಲ್ಲಿ ಒಂದು ಕಡೆ ತಾಳ ಪೂರ್ತಿ ನಿಂತು, ಒಂದು ಉಸಿರು ಬಿಟ್ಟು, ಮತ್ತೆ ಬಂದು ಬೀಳುತ್ತೆ. ಅಪ್ಪನ ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಕಣ್ಣು ತೆರೆದು ನನ್ನನ್ನು ನೋಡಿದರು.

"ಇಲ್ಲಿ ಬೇಕಂತಲೇ ತಪ್ಪಿಸ್ಯಾರ" ಅಂದರು.

ಹೌದಪ್ಪಾ ಅಂದೆ.

"ಮಗ್ಗ ತಪ್ಪಿದರ ಹಿಂಗ ಗೊತ್ತಾಗ್ತಿತ್ತು. ನೂರು ಮಗ್ಗ ಓಡ್ತಿದ್ದರೂ ನಂದು ತಪ್ಪಿದ್ದು ಕಾಲಿಗೆ ಗೊತ್ತಾಗೋದು, ಕಿವಿಗಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಯಾರೋ ನಿಗಾ ಇಟ್ಟು ಮಾಡ್ಯಾರ ಇದನ್ನ. ನನಗೇನು ರುಚಿಸಂಗಿಲ್ಲ ಬಿಡು. ಆದರ ಮಿಕ್ಸಿ ಅಲ್ಲ ಇದು" ಅಂದರು.

ಇಷ್ಟ ಆಗಲಿಲ್ಲ ಅಂತ ನೇರವಾಗಿಯೇ ಹೇಳಿದರು. ನನಗೆ ಅದರಿಂದ ಒಂಚೂರೂ ಬೇಜಾರಾಗಲಿಲ್ಲ. ಪೂರ್ತಿ 41 ನಿಮಿಷ ಕೈ ತೆಗೆಯದೆ ಕೂತು, ಆಮೇಲೆ ಹೇಳಿದರು. ಒಂಬತ್ತನೆಯದು ಬಂದಾಗ ಹಲಗೆಯಲ್ಲಿ ನಡುಕ ಕಮ್ಮಿಯಾಯಿತು. "ನಿಂತೋಯ್ತಾ?" ಅಂತ ಕೇಳಿದರು. ಇಲ್ಲಪ್ಪಾ, ಹಾಡ್ತಿದ್ದಾಳೆ ಅಂದೆ. ಅವರಿಗೆ ಆ ದನಿ ಕೇಳಿಸಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ಕೂತರು. ಯಾಕೆ ಅಳ್ತೀ ಅಂತ ಕೇಳಲಿಲ್ಲ.

ಭಾವ, ನೀವು ಇದನ್ನು ಓದ್ತೀರ ಅಂತ ಗೊತ್ತು. ಕಾಮೆಂಟ್ ಹಾಕದಿದ್ದರೂ ಓದ್ತೀರ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಪ್ರೀತಿಯೂ ಇದೆ. ಮುಂದಿನ ಭಾನುವಾರ ಬನ್ನಿ, ಮಂಡಕ್ಕಿ, ಮೆಣಸಿನಕಾಯಿ ಮಾಡ್ತೀನಿ. ಒಂಬತ್ತನೇ ಹಾಡು ಒಂದೇ ಹಾಕ್ತೀನಿ, ಮೂರೂವರೆ ನಿಮಿಷ. ಆಮೇಲೆ ನಿಮ್ಮ ನಾಟಕದ ಹಾಡು ಎಷ್ಟು ಹೊತ್ತು ಬೇಕಾದರೂ ಹಾಕೋಣ, ನಾನೇ ಕೂತು ಕೇಳ್ತೀನಿ. ಸ್ಪೀಕರ್ ಮಾತ್ರ ಈ ಸಲ ಅಪ್ಪನ ಕೈ ಹತ್ತಿರ ಇರುತ್ತೆ.